ಬೆಟ್ಟದ ಮರೆಯ ಗಾಳಿ

ಬೆಳಗಿನ ಐದೂವರೆ. ಬಂದರಿನ ಗಾಳಿ ಅಳೆಯುವ ಗೋಪುರಕ್ಕೆ ಅರವತ್ತೆರಡು ಮೆಟ್ಟಿಲು. ಮಂಡಿನೋವಿಗೆ ಎರಡು ಕಡೆ ನಿಂತು ಸುಧಾರಿಸಿಕೊಂಡು ಇಲ್ಲಿಯ ವೀಕ್ಷಕಿ ಹತ್ತುತ್ತಾರೆ. ಗಾಳಿಯ ದಿಕ್ಕು ತೋರುವ ಬಾಣ ಸಮುದ್ರದ ಕಡೆ ಮುಖ ಮಾಡಿ ನಿಂತಿದೆ. ಹತ್ತು ನಿಮಿಷ ಕದಲದೆ ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತಾರೆ: ಪಶ್ಚಿಮ, ಗಂಟೆಗೆ ಆರು ಕಿಲೋಮೀಟರ್. ಆಮೇಲೆ ಕಟಕಟೆಯ ಮೇಲಿಂದ ಬಗ್ಗಿ ಕೂಗುತ್ತಾರೆ.

"ಇವತ್ತು ದೂರ ಹೋಗ್ಬೇಡಿ."

"ಬೋರ್ಡಲ್ಲಿ ಪೂರ್ವ ಅಂತ ಹಾಕಿದಾರಲ್ಲಕ್ಕ" ಎನ್ನುತ್ತಾನೆ ಕೆಳಗಿನ ದೋಣಿಯವನು.

"ಹಂಗಾದ್ರೆ ಬೋರ್ಡನ್ನೇ ಕಟ್ಕೊಂಡು ಹೋಗು."

ಇಡೀ ದ್ವೀಪಕ್ಕೆ ಪೂರ್ವದ ಗಾಳಿ ಬೀಸುವಾಗ ಈ ಒಂದು ದಡದಲ್ಲಿ ಮಾತ್ರ ಯಾಕೆ ಉಲ್ಟಾ? "ಮಧ್ಯೆ ಬೆಟ್ಟ ಕೂತಿದೆಯಲ್ಲ" ಎನ್ನುತ್ತಾರೆ. "ಹೊಳೇಲಿ ಬಂಡೆ ಇದ್ರೆ ನೀರು ಎರಡೂ ಪಕ್ಕ ಬಳಸ್ಕೊಂಡು ಹೋಗತ್ತೆ, ಹಿಂದೆ ಸುಳಿ ತಿರುಗತ್ತೆ. ಗಾಳೀನೂ ಅಷ್ಟೇ. ನಾವಿರೋದು ಸುಳಿಯೊಳಗೆ."

ಬೆಟ್ಟದ ಮರೆಯಲ್ಲಿ ಸಮುದ್ರ ತಟ್ಟೆಯ ಹಾಗಿರುತ್ತದೆ. ಮರೆ ಮುಗಿದಲ್ಲಿ, ಬಳಸಿ ಬಂದ ಗಾಳಿ ಒಮ್ಮೆಲೇ ಮೈಮೇಲೆ ಬೀಳುತ್ತದೆ. ಸುಳಿಗಳು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಳಚಿಕೊಂಡು ಹೋಗುವುದರಿಂದ ಆ ಗಡಿಯೂ ನಿಂತಲ್ಲಿ ನಿಲ್ಲುವುದಿಲ್ಲ. ಬಾಣ ಪಶ್ಚಿಮಕ್ಕೆ ತಿರುಗಿದರೆ ಗಡಿ ಹತ್ತಿರ ಬಂದಿದೆ ಎಂದೇ ಅರ್ಥ. ಇದನ್ನು ಆಕೆಗೆ ಯಾರೂ ಹೇಳಿಕೊಟ್ಟಿಲ್ಲ. ದಿನಕ್ಕೆ ನಾಲ್ಕು ಸಲದಂತೆ ಇಪ್ಪತ್ತೊಂಬತ್ತು ವರ್ಷ ನೋಡಿ ಕಲಿತದ್ದು.

ಹವಾಮಾನದ ಮುಖ್ಯ ಕಚೇರಿ ಇರುವುದು ಬೆಟ್ಟದ ಆಚೆ. ಅಲ್ಲಿ ಆಕೆಯ ಹೆಸರು 'ಉಲ್ಟಾ ಮೇಡಂ'. ಬೇರೆ ಕೇಂದ್ರಗಳ ಜೊತೆ ಹೊಂದದ ಅಂಕಿಯನ್ನು ತಪ್ಪೆಂದು ತಿದ್ದುವುದು ಅಲ್ಲಿಯ ರೂಢಿ. ಫೋನಿನಲ್ಲಿ ಪಶ್ಚಿಮ ಎಂದರೆ ಗುಮಾಸ್ತ ಪೂರ್ವ ಎಂದು ಬರೆದುಕೊಳ್ಳುತ್ತಾನೆ; ಬಂದರಿನ ಬೋರ್ಡಿಗೂ ಅದೇ ಬರುತ್ತದೆ. ತಿಂಗಳ ಕೊನೆಗೆ ರಿಜಿಸ್ಟರ್ ಅಲ್ಲಿಗೆ ಹೋದಾಗ ಆಕೆಯ ಅಕ್ಷರದ ಮೇಲೂ ಕೆಂಪು ಶಾಯಿ ಬೀಳುತ್ತದೆ.

ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ಹೀಗೆಯೇ ಆಯಿತು. ಬೋರ್ಡಿನಲ್ಲಿ 'ಪೂರ್ವದ ಗಾಳಿ, ಸಮುದ್ರ ಶಾಂತ' ಎಂದಿತ್ತು. ಅದನ್ನು ಓದಿಕೊಂಡು ದೋಣಿ ಬಿಟ್ಟವರು ಆಕೆಯ ತಂಗಿಯ ಗಂಡ. ದೋಣಿಯೂ ಸಿಗಲಿಲ್ಲ, ಮನುಷ್ಯನೂ ಸಿಗಲಿಲ್ಲ.

"ಮೇಲಿಂದ ನೋಡ್ತಾ ಇದ್ದೆ. ಕೂಗಬಹುದಿತ್ತು, ಕೂಗ್ಲಿಲ್ಲ. ನಿಮ್ಮ ಕೆಲಸ ಅಳೆಯೋದು, ಹೇಳೋದಲ್ಲ ಅಂತ ಸೇರಿದ ದಿನಾನೇ ಬರೆಸ್ಕೊಂಡಿದ್ರು. ಈಗ ಕೂಗ್ತೀನಿ. ಅದಕ್ಕೆ ಎರಡು ಮೆಮೊ ಬಂದಿದೆ."

ವಿಚಾರಣೆಯಲ್ಲಿ ತಿದ್ದಿದ ಪುಟವನ್ನೇ ಓದಿದರು. ಕೆಳಗೆ ಆಕೆಯ ಸಹಿ ಇತ್ತು. 'ತಪ್ಪು ವೀಕ್ಷಣೆ' ಎಂದು ಸೇವಾ ಪುಸ್ತಕದಲ್ಲಿ ಬರೆದರು. ತಂಗಿಯ ಮನೆ ಅದೇ ಬೀದಿಯಲ್ಲಿ, ಮೂರು ಬಾಗಿಲ ಆಚೆ. ಅಂದಿನಿಂದ ಮಾತಿಲ್ಲ.

ಹೋದ ವರ್ಷ ಉಪಗ್ರಹ ತೆಗೆದ ಚಿತ್ರವೊಂದು ಪತ್ರಿಕೆಯಲ್ಲಿ ಬಂತು. ದ್ವೀಪದ ಹಿಂದೆ ಮೋಡಗಳು ಎಡಕ್ಕೊಂದು ಬಲಕ್ಕೊಂದು ಸುರುಳಿ ಸುತ್ತಿಕೊಂಡು ನೂರಾರು ಕಿಲೋಮೀಟರ್ ಸಾಲುಗಟ್ಟಿದ್ದವು. ಕಚೇರಿಯ ಸಾಹೇಬರು ಅದಕ್ಕೆ ಚೌಕಟ್ಟು ಹಾಕಿಸಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಈಕೆ ಪತ್ರಿಕೆಯ ತುಂಡನ್ನು ಕತ್ತರಿಸಿ ತಂಗಿಯ ಬಾಗಿಲಡಿ ತೂರಿಸಿದರು. ಸಂಜೆಗೆ ಪಕ್ಕದ ಮನೆಯಾಕೆಯ ಕೈಯಲ್ಲಿ ಅದು ವಾಪಸ್ ಬಂತು. ಜೊತೆಗೆ ಒಂದು ಮಾತು: "ಇದ್ರಲ್ಲಿ ದೋಣಿ ಎಲ್ಲಿದೆ ಅಂತ ಅಕ್ಕನ್ನ ಕೇಳಿ ಅಂದ್ಲು ನಿಮ್ಮ ತಂಗಿ."

ಈ ತಿಂಗಳ ಕೊನೆಗೆ ಆಕೆ ನಿವೃತ್ತರಾಗುತ್ತಾರೆ. ದೋಣಿ ಹೋದ ದಿನದ ರಿಜಿಸ್ಟರ್ ಪುಟ ತೋರಿಸಿ ಎಂದು ಮೂರು ಅರ್ಜಿ ಹಾಕಿದ್ದಾರೆ. ಮೂರಕ್ಕೂ ಒಂದೇ ಉತ್ತರ: ಹುಡುಕಲಾಗುತ್ತಿದೆ. ಕೆಲಸ ಬಿಟ್ಟ ಮೇಲೆ ಅರ್ಜಿ ಹಾಕಲೂ ಹಕ್ಕಿಲ್ಲ.

"ಸನ್ಮಾನ ಗಿನ್ಮಾನ ಬೇಡ. ಆ ಪುಟ ಒಂದ್ಸಲ ತಂಗಿ ಕೈಗೆ ಕೊಟ್ರೆ ಸಾಕು. ಮೇಲೆ ಎಷ್ಟು ಕೆಂಪು ಬಳಿದಿದ್ರೂ ಕೆಳಗಿರೋದನ್ನ ಬೆರಳಲ್ಲಿ ತಡವಿ ಓದಬಹುದು" ಎನ್ನುತ್ತಾರೆ. "ನಾನು ಒತ್ತಿ ಬರೀತೀನಿ."