ಎಡಗಡೆಯ ಬಾಗಿಲು

ಭಗವಂತರಾಯ ಟಿಂಕರ್. ಡಿಕ್ಕಿ ಹೊಡೆದು ನೆಗ್ಗಿದ ಗಾಡಿಗಳ ತಗಡನ್ನು ಬಡಿದು ಮೊದಲಿನ ರೂಪಕ್ಕೆ ತರುವುದು ಅವನ ಕೆಲಸ. ಶಹಾಪುರದ ಹತ್ತಿರದ ಒಂದು ಹಳ್ಳಿಯಿಂದ ಇಪ್ಪತ್ತೆರಡನೆಯ ವಯಸ್ಸಿಗೆ ಹೆಂಡತಿ ಭೀಮಬಾಯಿಯನ್ನು ಕರೆದುಕೊಂಡು ಬೆಂಗಳೂರಿಗೆ ಬಂದಿದ್ದ. ಶಿವಾಜಿನಗರದ ಒಂದು ಗ್ಯಾರೇಜಿನಲ್ಲಿ ವಕಾರ್ ಸಾಬರು ಅವನ ಕೈಗೆ ಸುತ್ತಿಗೆ ಕೊಟ್ಟರು. ಕಣ್ಣು ಮುಚ್ಚಿ ಅಂಗೈಯನ್ನು ತಗಡಿನ ಮೇಲೆ ಆಡಿಸಿ, ಎಲ್ಲಿ ತಗ್ಗಿದೆ ಎಲ್ಲಿ ಉಬ್ಬಿದೆ ಎಂದು ಹೇಳುವುದನ್ನು ಕಲಿಯಲು ಅವನಿಗೆ ನಾಲ್ಕು ವರ್ಷ ಹಿಡಿಯಿತು.

ಆ ಗ್ಯಾರೇಜಿನ ಮೂಲೆಯಲ್ಲಿ ಯಾರೋ ಬಿಟ್ಟುಹೋದ ಹಳೆಯ ಕಾಲದ ಪಿಕಪ್ ಒಂದು ನಿಂತಿತ್ತು. ಕಡು ಹಸಿರು ಬಣ್ಣ, ಗುಂಡಗಿನ ಮೂತಿ, ಚಕ್ರಗಳ ಮೇಲೆ ಉಬ್ಬಿ ಇಳಿದ ಮಡ್‌ಗಾರ್ಡು, ಬಾಗಿಲ ಕೆಳಗೆ ಅಗಲವಾದ ಫುಟ್‌ಬೋರ್ಡು. ಭೀಮಬಾಯಿ ಆಗ ಬೆನ್ಸನ್ ಟೌನಿನಲ್ಲಿ ಕಟ್ಟುತ್ತಿದ್ದ ಮನೆಗಳಿಗೆ ಗಾರೆ ಹೊರುತ್ತಿದ್ದಳು. ಮಧ್ಯಾಹ್ನ ನಡೆದುಕೊಂಡು ಬರುತ್ತಿದ್ದಳು. ಇಬ್ಬರೂ ಆ ಫುಟ್‌ಬೋರ್ಡಿನ ಮೇಲೆ ಕೂತು ರೊಟ್ಟಿ ಬಿಚ್ಚುತ್ತಿದ್ದರು. ಆರು ವರ್ಷ ಅದು ಅವರ ಊಟದ ಮನೆ. ಕೊನೆಗೆ ಜಾಗ ಖಾಲಿ ಮಾಡಬೇಕೆಂದು ಮಾಲೀಕ ಅದನ್ನು ಗುಜರಿಗೆ ಹಾಕಲು ಹೇಳಿದ. ಗ್ಯಾಸ್ ಹಚ್ಚಿ ಕತ್ತರಿಸಿದವನು ಭಗವಂತರಾಯನೇ. ಮರುದಿನ ಬಂದ ಭೀಮಬಾಯಿ ಖಾಲಿ ಮೂಲೆಯನ್ನು ನೋಡಿದಳು, ಗೋಡೆಗೆ ಒರಗಿ ನಿಂತೇ ಉಂಡಳು.

ಅವಳು ಬಿದ್ದದ್ದು ಅದಾದ ಎಷ್ಟೋ ವರ್ಷಗಳ ಮೇಲೆ, ಈಗ ಹತ್ತು ವರ್ಷದ ಕೆಳಗೆ. ಕಟ್ಟುತ್ತಿದ್ದ ಮನೆಯೊಂದರ ಎರಡನೆಯ ಅಂತಸ್ತಿನ ಸಾರುವೆಯ ಹಲಗೆ ಜಾರಿತು. ಜೀವ ಉಳಿಯಿತು. ಎಡಗಡೆಯ ಸೊಂಟದ ಕೀಲು ಮಾತ್ರ ಬಿಗಿದುಕೊಂಡು ಬಿಟ್ಟಿತು, ಆ ಕಾಲು ಮಡಚುವುದಿಲ್ಲ. ಮಲಗಬಹುದು, ಹಿಡಿದುಕೊಂಡು ನಾಲ್ಕು ಹೆಜ್ಜೆ ಇಡಬಹುದು, ಎತ್ತರದ ಮಂಚದ ಅಂಚಿಗೆ ಒರಗಿ ಕೂರಬಹುದು. ಆಟೋದಲ್ಲಿ ಕೂರಲು ಆಗದು, ಬಸ್ಸು ಹತ್ತುವುದಂತೂ ದೂರದ ಮಾತು. ಆಸ್ಪತ್ರೆಗೆ ಹೋಗಬೇಕಾದಾಗ ಭಗವಂತರಾಯ ಸಾಮಾನು ಸಾಗಿಸುವ ಗಾಡಿ ಗೊತ್ತುಮಾಡಿ, ಹಿಂದೆ ಹಾಸಿಗೆ ಹಾಕಿ ಮಲಗಿಸಿಕೊಂಡು ಹೋಗುತ್ತಿದ್ದ. ಕೆ.ಆರ್. ಪುರದ ಸೇತುವೆಯ ಮೇಲೆ ಗಾಡಿಗಳು ನಿಂತಾಗ ಅಕ್ಕಪಕ್ಕದ ಬಸ್ಸಿನವರು ಬಗ್ಗಿ ನೋಡುತ್ತಿದ್ದರು. ಒಂದು ದಿನ ಹಾಗೆ ಹೋಗಿ ಬಂದ ಮೇಲೆ ಭೀಮಬಾಯಿ ಸೆರಗಿನಿಂದ ಮುಖದ ಧೂಳು ಒರೆಸಿಕೊಳ್ಳುತ್ತ ಹೇಳಿದಳು:

"ಇನ್ನ ನಾ ಎಲ್ಲೀಗೂ ಬರಂಗಿಲ್ರಿ. ಸಿಮೆಂಟ್ ಚೀಲ ಒಯ್ದಂಗ ಒಯ್ತೀರಿ ನನ್ನ."

ಅಂದಿನಿಂದ ಅವಳು ಹೊಸ್ತಿಲು ದಾಟಲಿಲ್ಲ.

ಅವರಿದ್ದದ್ದು ರಾಮಮೂರ್ತಿ ನಗರದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ಪಕ್ಕದಲ್ಲಿ ಶೀಟು ಹೊದಿಸಿದ ಜಾಗವಿತ್ತು. ಮಹಡಿಯಲ್ಲಿ ಮನೆಯ ಯಜಮಾನ ಕೃಷ್ಣಸ್ವಾಮಿ, ವಿಮಾ ಕಚೇರಿಯಿಂದ ನಿವೃತ್ತರಾದವರು. ಭಗವಂತರಾಯ ಹಳೆಯ ಚಿಕ್ಕ ಪಿಕಪ್ಪೊಂದನ್ನು ಕಾಗದಪತ್ರ ಸಮೇತ ಕೊಂಡು ತಂದು ಆ ಶೀಟಿನ ಕೆಳಗೆ ನಿಲ್ಲಿಸಿದಾಗ ಅವರು ಇಳಿದು ಬಂದರು.

"ಏನ್ ಭಗವಂತರಾಯ್ರೇ, ಗ್ಯಾರೇಜ್ ಶುರು ಮಾಡ್ತೀರಾ ಇಲ್ಲಿ?"

"ಇಲ್ಲ ಸರ್, ಒಂದೇ ಗಾಡಿ. ರವಿವಾರ, ಮತ್ತ ಸಂಜೀ ಮುಂದ ಒಂದೀಟು."

"ನಾಲ್ಕರಿಂದ ಆರು ಬಡ್ಕೊಳಿ. ಆರರ ಮೇಲೆ ಸದ್ದು ಬೇಡ, ನಮ್ಮ ಮನೆಯವಳಿಗೆ ತಲೆನೋವು ಬರುತ್ತೆ."

ಯಾರಿಗೆ, ಏಕೆ ಎಂದು ಅವನು ಯಾರಿಗೂ ಹೇಳಲಿಲ್ಲ. ಭೀಮಬಾಯಿಗೂ ಹೇಳಲಿಲ್ಲ. ಮುಗಿದ ಮೇಲೆ ತೋರಿಸಿದರಾಯಿತು ಎಂದುಕೊಂಡಿದ್ದ. ಗಾಡಿಯ ಚೌಕನೆಯ ಮೂತಿ, ಮಡ್‌ಗಾರ್ಡು, ಹಿಂದಿನ ತೊಟ್ಟಿ ಎಲ್ಲವನ್ನೂ ಬಿಚ್ಚಿ ಟಾರ್ಪಾಲಿನಲ್ಲಿ ಸುತ್ತಿ ಇಟ್ಟ. ಕಣ್ಣಿನಲ್ಲಿ ಉಳಿದಿದ್ದ ಹಸಿರು ಗಾಡಿಯ ಅಳತೆಗಳನ್ನು ಹಳೆಯ ಪತ್ರಿಕೆಗಳ ಮೇಲೆ ಬರೆದು ಕತ್ತರಿಸಿದ. ಆ ಕಾಗದವನ್ನು ತಗಡಿನ ಮೇಲಿಟ್ಟು ಗೀರಿ, ಕತ್ತರಿಸಿ, ಮರಳು ತುಂಬಿದ ಚರ್ಮದ ಚೀಲದ ಮೇಲಿಟ್ಟು ಮರದ ಸುತ್ತಿಗೆಯಿಂದ ತಟ್ಟಿದ. ಚಪ್ಪಟೆ ತಗಡು ಒಂದೊಂದೇ ಏಟಿಗೆ ಬಾಗುತ್ತ ಬಟ್ಟಲಾಗಬೇಕು. ಒಂದು ಏಟು ಹೆಚ್ಚಾದರೆ ತಗಡು ಹಿಗ್ಗಿ ಸಡಿಲವಾಗುತ್ತದೆ, ಮತ್ತೆ ಕಾಯಿಸಿ ಕುಗ್ಗಿಸಬೇಕು. ಎಡಗಡೆಯ ಮಡ್‌ಗಾರ್ಡು ಒಂದಕ್ಕೇ ಐದು ತಿಂಗಳಾಯಿತು.

ವಕಾರ್ ಸಾಬರು ಒಮ್ಮೆ ನೋಡಲು ಬಂದರು. ವಯಸ್ಸಾಗಿ ಅವರ ಕೈ ನಡುಗುತ್ತಿತ್ತು. ನಡುಗುವ ಅಂಗೈಯನ್ನೇ ಮಡ್‌ಗಾರ್ಡಿನ ಮೇಲೆ ಇಳಿಸಿ, "ಸಾಫ್ ಇದೆ ಭಗವಂತ, ಬಹುತ್ ಸಾಫ್" ಎಂದರು. ಆಮೇಲೆ ಒಳಗೆ ಇಣುಕಿ ಕೇಳಿದರು: "ಭೀಮಬಾಯಿಗೆ ತೋರಿಸ್ದ್ಯಾ?"

"ಮುಗೀಲಿ ಸಾಬ್."

ಸಾಬರು ತಲೆ ಅಲ್ಲಾಡಿಸಿ ಹೋದರು.

ಮೂರು ವರ್ಷ ಹೀಗೆ ನಡೆಯಿತು. ಒಂದು ಭಾನುವಾರ ಅವನು ಊಟಕ್ಕೆಂದು ಒಳಗೆ ಬಂದಾಗ ಭೀಮಬಾಯಿ ತಟ್ಟೆಗೆ ಕೈ ಹಾಕಲಿಲ್ಲ.

"ಆ ತಗಡಿನ ಕೂಡ ಮೂರು ವರ್ಷದಿಂದ ಮಾತಾಡ್ಲಾಕತ್ತೀರಿ. ನಾ ಈ ಗ್ವಾಡಿ ನೋಡ್ಕೋತ ಬಿದ್ದೀನಿ. ಯಾವ ಸಾವಕಾರನ ಗಾಡಿರಿ ಅದು?"

"ಯಾವ ಸಾವಕಾರಂದೂ ಅಲ್ಲ. ನಿಂದ."

ಅವಳು ಅವನ ಮುಖವನ್ನೇ ನೋಡಿದಳು. ಸಂತೋಷ ಪಡುತ್ತಾಳೆ ಎಂದು ಅವನು ಕಾದ. ಅವಳು ಅತ್ತಳು, ಅದೂ ಸಿಟ್ಟಿನ ಅಳು.

"ನಂದ ಇದ್ರ ನನ್ನ ಒಂದು ಮಾತ ಕೇಳಬೇಕಾಗಿತ್ತಲ್ರಿ? ನೀವು ಹೊರಗ, ನಾ ಒಳಗ. ಮೂರು ವರ್ಷ!"

ಊಟ ಹಾಗೇ ಉಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಅವಳೇ, "ನಡೀರಿ, ತೋರಸ್ರಿ" ಎಂದಳು. ಅವಳ ಕಂಕುಳಿಗೆ ಹೆಗಲು ಕೊಟ್ಟು ಅವನು ಹೊರಗೆ ಕರೆತಂದ.

ಬಣ್ಣವಿಲ್ಲದ, ಬೂದು ಪ್ರೈಮರಿನ ಗಾಡಿ ನಿಂತಿತ್ತು. ಅವಳಿಗೆ ಗುರುತು ಹತ್ತಿತು. ಮೂತಿಯನ್ನು ಮುಟ್ಟಿದಳು, ಫುಟ್‌ಬೋರ್ಡನ್ನು ಬಲಗಾಲಿನ ತುದಿಯಿಂದ ಮುಟ್ಟಿದಳು, ಎಡಗಡೆಯ ಬಾಗಿಲ ಹತ್ತಿರ ಹೋಗಿ ನಿಂತಳು. ಹತ್ತಲು ನೋಡಿದಳು. ಆಗಲಿಲ್ಲ. ಅವನು ಸೀಟಿನ ಎತ್ತರವನ್ನು ಅವಳ ಮಂಚದ ಎತ್ತರಕ್ಕೇ ಸರಿಯಾಗಿ ಇಟ್ಟಿದ್ದ, ಕಾಲು ಚಾಚಿ ಒರಗಲು ಜಾಗ ಬಿಟ್ಟಿದ್ದ, ಸೀಟು ಹೊರಕ್ಕೆ ತಿರುಗುವಂತೆಯೂ ಮಾಡಿದ್ದ. ಆದರೆ ಬಾಗಿಲಿನ ತಿರುಗಣಿ ಮುಂದುಗಡೆ ಇತ್ತು. ಅವಳು ಬೆನ್ನು ತಿರುಗಿಸಿ ಮೊದಲು ಕೂತು, ಆಮೇಲೆ ಆ ನೆಟ್ಟನೆಯ ಕಾಲನ್ನು ಒಳಗೆ ತರಬೇಕು. ತೆರೆದ ಬಾಗಿಲೇ ಕಾಲಿಗೆ ಅಡ್ಡ ಬರುತ್ತಿತ್ತು.

"ಈ ಬಾಗಿಲು ಹಿಂದಕ ತೆಗೀಬೇಕ್ರಿ. ಆಗ ಕಾಲಿಗೆ ಹಾದಿ ಆಗ್ತದ."

ಏಳು ವಾರ ಹಿಡಿದು ಕೂರಿಸಿದ ಬಾಗಿಲು ಅದು. ಕೂದಲೆಳೆಯಷ್ಟು ಸಂದು ಸುತ್ತಲೂ ಒಂದೇ ಸಮ ಇತ್ತು. ಭಗವಂತರಾಯ ಮರುದಿನವೇ ಅದನ್ನು ಕತ್ತರಿಸಿದ. ಅಂದಿನಿಂದ ಭೀಮಬಾಯಿಯ ಎತ್ತರದ ಮಂಚವೂ ಶೀಟಿನ ಕೆಳಗೆ ಬಂತು. ಅವನು ತಗಡು ಬಡಿಯುವಾಗ ಅವಳು ಮಂಚಕ್ಕೆ ಒರಗಿ, ನೀರು ಚಿಮುಕಿಸಿಕೊಂಡು ಎಮ್ರಿ ಕಾಗದದಿಂದ ತಗಡಿನ ಮೇಲಿನ ಪುಟ್ಟಿಯನ್ನು ನಯವಾಗಿ ಉಜ್ಜುತ್ತಿದ್ದಳು. ವರ್ಷಗಟ್ಟಲೆ ಗಾರೆ ಹೊತ್ತ ಕೈ. ಉಜ್ಜುತ್ತ ಉಜ್ಜುತ್ತ ಅವಳು ಮಾತಾಡುತ್ತಿದ್ದಳು, ಊರಿನದು, ಅವ್ವ ಮಾನಮ್ಮನದು, ಹೊಲದ ಬದುವಿನದು. ಅವಳು ಅವ್ವನ ಮುಖ ನೋಡಿ ಒಂಬತ್ತು ವರ್ಷವಾಗಿತ್ತು. ಮುದುಕಿಗೆ ಪ್ರಯಾಣ ಆಗದು, ಮಗಳಿಗೂ ಆಗದು.

ಕಡು ಹಸಿರು ಬಣ್ಣ ಹೊಡೆದಾಯಿತು. ಹಿಂದಕ್ಕೆ ತೆರೆಯುವ ಬಾಗಿಲಿನಿಂದ ಭೀಮಬಾಯಿ ಯಾರ ಕೈಯನ್ನೂ ಹಿಡಿಯದೆ ಕೂತಳು. ಕಾಗದದ ಕೆಲಸಕ್ಕೆ ಕೃಷ್ಣಸ್ವಾಮಿಯವರೇ ಜೊತೆಗೆ ಬಂದರು. ಬದಲಾಯಿಸಿದ ಗಾಡಿಗೆ ಒಪ್ಪಿಗೆ ಬೇಕಾಗುತ್ತದೆ ಎಂದು ಓದಿ ತಿಳಿದುಕೊಂಡಿದ್ದವರು ಅವರು. ತಪಾಸಣೆಯ ಅಧಿಕಾರಿ ಗಾಡಿಯ ಸುತ್ತ ಎರಡು ಸುತ್ತು ಬಂದ. ಒಳ್ಳೆಯ ಮನುಷ್ಯ. ಮೂತಿಯ ಮೇಲೆ ಕೈ ಇಟ್ಟು ಬಹಳ ಹೊತ್ತು ನಿಂತ.

"ತುಂಬಾ ಚೆನ್ನಾಗ್ ಮಾಡಿದ್ದೀರಾ. ಅದಕ್ಕೇ ಹೇಳೋಕೆ ಬೇಜಾರು. ಬಾಗ್ಲು, ಸೀಟು ಅಂಗವಿಕಲರಿಗೆ ಅಂತ ಮಾಡಿರೋದು, ಅದಕ್ಕೆ ಒಪ್ಪಿಗೆ ಸಿಗುತ್ತೆ. ಮೂತಿ, ಮಡ್‌ಗಾರ್ಡು, ಹಿಂದಿನ ತೊಟ್ಟಿ ಮಾತ್ರ ಪೇಪರ್‌ನಲ್ಲಿ ಇರೋ ಥರಾನೇ ಇರ್ಬೇಕು. ಇದು ರೋಡಿಗೆ ಬರೋ ಹಾಗಿಲ್ಲ."

"ಬೇರೆ ದಾರಿ ಏನಾದ್ರೂ ಇದೆಯಾ ಸರ್?" ಕೃಷ್ಣಸ್ವಾಮಿ ಕೇಳಿದರು.

"ಇದ್ದಿದ್ರೆ ನಾನೇ ಹೇಳ್ತಿದ್ದೆ ಸರ್."

ಭಗವಂತರಾಯ ಗಾಡಿಯನ್ನು ಮನೆಗೆ ಎಳೆಸಿಕೊಂಡು ಬಂದ. ಎರಡು ವಾರ ಸುತ್ತಿಗೆ ಮುಟ್ಟಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಶೀಟಿನ ಕಡೆ ನೋಡದೆ ಹೋಗುತ್ತಿದ್ದ. ಭೀಮಬಾಯಿಯೂ ಒತ್ತಾಯಿಸಲಿಲ್ಲ.

ಆಗ ಊರಿನಿಂದ ಫೋನು ಬಂತು. ಮಾತಾಡಿದವನು ಭೀಮಬಾಯಿಯ ತಮ್ಮ ದುರ್ಗೇಶ. ಅವ್ವ ಅನ್ನ ಬಿಟ್ಟಿದ್ದಾಳೆ, ಅಕ್ಕನ ಹೆಸರನ್ನೇ ಹಿಡಿದಿದ್ದಾಳೆ ಎಂದ. ಭೀಮಬಾಯಿ ಫೋನು ಕೆಳಗಿಟ್ಟು ಗಂಡನನ್ನು ಕರೆದಳು.

"ಬಿಚ್ಚಿಬಿಡ್ರಿ ಅದನ್ನ."

ಅವನು ಶೀಟಿನ ಕಡೆ ನೋಡಿದ.

"ನಾ ಅದ್ರಾಗ ಕುಂತೆ. ನೋಡ್ದೆ. ನನಗ ಸಾಕು. ಮೂತಿ ಗುಂಡಗ ಇದ್ರೇನು, ಚೌಕ ಇದ್ರೇನು. ನಮ್ಮವ್ವ ಎಷ್ಟು ದಿನ ಇರ್ತಾಳೋ ಯಾರಿಗ ಗೊತ್ತು?"

"ನನ್ನ ಕೈಲಿ ಆಗಂಗಿಲ್ಲ ಭೀಮಿ," ಎಂದ ಅವನು. "ಅವತ್ತು ಗ್ಯಾರೇಜಿನಾಗ ಒಂದ್ಸಲ ಕಡಿದೀನಿ."

"ಕಡೀಬ್ಯಾಡ್ರಿ. ಬೋಲ್ಟ್ ಬಿಚ್ಚ್ರಿ. ನಾನೂ ಬರ್ತೀನಿ."

ನಾಲ್ಕು ದಿನ ರಜೆ ಹಾಕಿ ಅವನು ಬಿಚ್ಚಿದ. ಅವಳು ಮಂಚದ ಮೇಲೆ ಒರಗಿ ಒಂದೊಂದು ಬೋಲ್ಟನ್ನೂ ಡಬ್ಬಿಗೆ ಹಾಕಿಕೊಂಡಳು. ಎಡಗಡೆಯ ಮಡ್‌ಗಾರ್ಡು ಕಳಚಿ ಕೈಗೆ ಬಂದಾಗ ಭಗವಂತರಾಯ ಅದನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟ. ಭೀಮಬಾಯಿ ಕರೆಯಲಿಲ್ಲ. ಅವನು ತಾನಾಗಿ ಎದ್ದು ಮುಂದಿನ ಬೋಲ್ಟಿಗೆ ಪಾನಾ ಹಾಕುವವರೆಗೂ ಕಾದಳು. ಟಾರ್ಪಾಲಿನಲ್ಲಿ ಸುತ್ತಿಟ್ಟಿದ್ದ ಹಳೆಯ ಚೌಕನೆಯ ತಗಡುಗಳು ಮತ್ತೆ ಗಾಡಿಗೆ ಏರಿದವು. ತುಕ್ಕು ಹಿಡಿದ ಕಡೆ ತುರಿದು ಬಿಳಿ ಬಣ್ಣ ಬಳಿದ. ನೋಡಿದರೆ ಸೊಪ್ಪು ಹೇರುವ ಯಾವುದೋ ಗಾಡಿ. ಮತ್ತೆ ತಪಾಸಣೆಗೆ ಒಯ್ದಾಗ ಅಧಿಕಾರಿ ತಗಡನ್ನು ನೋಡಿದ, ಇವನ ಮುಖ ನೋಡಿದ, ಎದ್ದು ನಿಂತು ಕೈಕುಲುಕಿ ಸಹಿ ಹಾಕಿದ.

ಮುಂಜಾನೆ ಹೊರಟರು. ಆ ಇಂಜಿನ್ನಿಗೆ ಓಟ ಕಡಿಮೆ, ದಾರಿಯಲ್ಲಿ ಒಂದು ರಾತ್ರಿ ತಂಗಿ ಎರಡು ದಿನಕ್ಕೆ ಊರು ಮುಟ್ಟಿದರು. ಭೀಮಬಾಯಿ ಕಿಟಕಿಯ ಪಕ್ಕ, ಎಲ್ಲರೂ ಕೂರುವಂತೆ ಮುಂದೆ ಕೂತಿದ್ದಳು. ಬಳ್ಳಾರಿ ದಾಟಿದ ಮೇಲೆ ಕರಿ ಮಣ್ಣು ಶುರುವಾದಾಗ ಗಾಡಿ ನಿಲ್ಲಿಸಲು ಹೇಳಿದಳು. ಇಳಿಯಲಿಲ್ಲ, ಬಾಗಿಲು ತೆರೆದು ಹೊಲಗಳ ಕಡೆ ನೋಡಿ, "ಹೂಂ, ನಡೀರಿ" ಎಂದಳು.

ಮಾನಮ್ಮನಿಗೆ ಕಣ್ಣು ಕಾಣುತ್ತಿರಲಿಲ್ಲ. ದನಿ ಕೇಳಿ ಕೈ ಚಾಚಿದಳು. ಮಗಳ ಮುಖ ಸವರಿದಳು, ಹೆಗಲು ಸವರಿದಳು, ಆ ಮಡಚದ ಕಾಲನ್ನು ಉದ್ದಕ್ಕೂ ಸವರಿದಳು.

"ಹೆಂಗ ಬಂದ್ಯವ್ವಾ ಈ ಕಾಲು ತಗೊಂಡು?"

"ಕುಂತು ಬಂದೆವ್ವ," ಎಂದಳು ಭೀಮಬಾಯಿ. "ಮುಂದಿನ ಸೀಟಿನಾಗ ಕುಂತು ಬಂದೆ."

ಮಗಳ ಕೈಯಿಂದ ಮುದುಕಿ ಎರಡು ಗುಟುಕು ಗಂಜಿ ಕುಡಿದಳು. ಹನ್ನೆರಡನೆಯ ದಿನ ತೀರಿಕೊಂಡಳು. ಭೀಮಬಾಯಿ ತಲೆದೆಸೆಯಲ್ಲಿ ಎತ್ತರದ ಸ್ಟೂಲಿಗೆ ಒರಗಿ ಕೂತಿದ್ದಳು. ಹೊಲದ ಕಡೆಗೆ ಮಣ್ಣಿಗೆ ಒಯ್ಯುವಾಗ ಗಾಡಿ ನಿಧಾನವಾಗಿ ಜನರ ಹಿಂದೆ ಹೋಯಿತು. ಕುಣಿಯ ಅಂಚಿನವರೆಗೂ ಹೋಗಿ, ಕೂತಲ್ಲಿಂದಲೇ ಕೈ ಚಾಚಿ ಅವಳು ಒಂದು ಹಿಡಿ ಮಣ್ಣು ಹಾಕಿದಳು.

ಇಪ್ಪತ್ತು ದಿನದ ಮೇಲೆ ಅವರು ರಾಮಮೂರ್ತಿ ನಗರಕ್ಕೆ ಮರಳಿದರು. ಹಸಿರು ತಗಡುಗಳು ಶೀಟಿನ ಕೆಳಗೆ ಗೋಡೆಗೆ ಒರಗಿಯೇ ಇದ್ದವು. ಒಂದು ದಿನ ಹಲಸೂರಿನ ಕಡೆಯ ಯಾರೋ ಶ್ರೀಮಂತರು ಬಂದು ಅಲಂಕಾರಕ್ಕೆ ಬೇಕೆಂದು ಕೇಳಿದರು. ಭಗವಂತರಾಯ ಕೊಡಲಿಲ್ಲ.

ಈಗ ಪ್ರತಿ ಮಂಗಳವಾರ ಭೀಮಬಾಯಿಗೆ ಕಾಲಿನ ವ್ಯಾಯಾಮಕ್ಕೆ ಹೋಗುವುದಿರುತ್ತದೆ. ಭಗವಂತರಾಯ ಗಾಡಿ ಹೊರಗೆ ತೆಗೆದು ಕಾಯುತ್ತಾನೆ. ಅವಳು ಕೋಲು ಊರಿಕೊಂಡು ಬಂದು, ಬೆನ್ನು ತಿರುಗಿಸಿ ಕೂತು, ಎರಡೂ ಕೈಯಿಂದ ಕಾಲನ್ನು ಎತ್ತಿ ಒಳಗಿಟ್ಟು, ತಾನೇ ಬಾಗಿಲು ಎಳೆದುಕೊಳ್ಳುತ್ತಾಳೆ.