ಬಿಸಿಲಿರುವಷ್ಟು ಹೊತ್ತು

ತಕ್ಕಡಿ ರಿಪೇರಿಯವನು ಬಂದನೆಂದರೆ ಅಂಗಡಿಯವರು ಎದ್ದು ಕುರ್ಚಿ ಬಿಟ್ಟುಕೊಡುತ್ತಿದ್ದ ಕಾಲವೊಂದಿತ್ತು. ಅರ, ಸುತ್ತಿಗೆ, ಎಣ್ಣೆ ಡಬ್ಬಿಗಳ ಚೀಲ ಹೆಗಲಿಗೇರಿಸಿ ಅಂಗಡಿಯಿಂದ ಅಂಗಡಿಗೆ ತಿರುಗುತ್ತಿದ್ದ ಆಸಾಮಿ, ಮುಳ್ಳು ನೆಟ್ಟಗೆ ನಿಲ್ಲುವವರೆಗೂ ಉಸಿರು ಬಿಗಿಹಿಡಿದು ಕೂರುತ್ತಿದ್ದ. ಆಮೇಲೆ ಅಂಕಿ ತೋರಿಸುವ ತಕ್ಕಡಿಗಳು ಬಂದವು. ಕೆಟ್ಟರೆ ಎಸೆದು ಹೊಸದು ತರುವ ವಸ್ತುವಿಗೆ ರಿಪೇರಿಯವನೇಕೆ? ಚೀಲ ಮೊಳೆಗೆ ನೇತುಬಿತ್ತು.

ಅಲ್ಲಿಂದಾಚೆ ಸಂಸಾರ ಸಾಗಿದ್ದು ಹೆಂಡತಿಯ ಹೊಲಿಗೆ ಯಂತ್ರದ ಮೇಲೆ. ಮಹಡಿಯ ಹಿಂಬದಿಯಲ್ಲಿ, ತಗಡಿನ ಸೂರಿನ ಕೋಣೆಯಲ್ಲಿ ಕೂತು ಅವಳು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಅವನು ಪಕ್ಕದಲ್ಲಿ ಗುಂಡಿ ಹಚ್ಚುತ್ತಿದ್ದ. ಅವಳೇನೂ ಒಂದು ದಿನವೂ ಎತ್ತಿ ಆಡಿದವಳಲ್ಲ. ಆದರೂ ಯಾರಾದರೂ ಮೆಟ್ಟಿಲು ಹತ್ತುವ ಸಪ್ಪಳವಾದರೆ ಸಾಕು, ಗಂಡಸು ಸೂಜಿ ಬಚ್ಚಿಟ್ಟು ಕಿಟಕಿ ನೋಡುತ್ತ ನಿಂತುಬಿಡುತ್ತಿದ್ದ. ಅವಳಿಗೆ ಅದು ಕಾಣುತ್ತಿತ್ತು. ಕಂಡೂ ಕಾಣದವಳಂತೆ ಹೊಲಿಯುತ್ತಿದ್ದಳು.

ಹೀಗಿರುವಾಗ ಸರ್ಕಾರದ ಯೋಜನೆ ಬಂತು. ಮನೆ ಮೇಲೆ ಸೋಲಾರ್ ಹಾಕಿಸಿಕೊಂಡವರಿಂದ ಸರ್ಕಾರವೇ ಕರೆಂಟು ಕೊಳ್ಳುತ್ತದಂತೆ. ಬೇಕರಿಯಲ್ಲಿ ಕೆಲಸಕ್ಕಿದ್ದ ಮಗಳು ಓಡಾಡಿ ಸಾಲ ಮಾಡಿಸಿಕೊಟ್ಟಳು. ಮುಂದಿನ ತಾರಸಿಯ ಮೇಲೆ ಪ್ಯಾನೆಲ್‌ಗಳು ಕೂತವು. ವರಾಂಡದ ಗೋಡೆಗೆ ಹೊಸ ಮೀಟರ್ ಬಂತು. ವಿದ್ಯುತ್ ಕಚೇರಿಯ ಎಂಜಿನಿಯರ್ ಬಿಡಿಸಿ ಹೇಳಿದ: "ಹಗಲು ಮನೆಗೆ ಬೇಕಾದಷ್ಟು ಬಳಸ್ಕೊಳ್ಳಿ. ಮಿಕ್ಕಿದ್ದನ್ನ ನಾವು ಕೊಂಡ್ಕೋತೀವಿ. ನಮ್ಮ ಕರೆಂಟಿಗೆ ನೀವು ಕೊಡೋದಕ್ಕಿಂತ, ನಿಮ್ಮ ಕರೆಂಟಿಗೆ ನಾವು ಕೊಡೋದೇ ಜಾಸ್ತಿ."

ಬಳಸಿಕೊಳ್ಳಿ ಎಂದದ್ದು ಅವನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಯಿತು. ಮಿಕ್ಕಿದ್ದು ಎಂಬುದಷ್ಟೇ ತಲೆಯಲ್ಲಿ ಕೂತಿತು. ಎಷ್ಟು ವರ್ಷವಾಗಿತ್ತು ಅವನ ಕೈಯಿಂದ ಈ ಮನೆಗೆ ಒಂದು ಕಾಸು ಬಂದು!

ಅಂದಿನಿಂದ ಮನೆಗೊಂದು ಕಾನೂನಾಯಿತು. ಬಿಸಿಲಿರುವಷ್ಟು ಹೊತ್ತು ಯಾರೂ ಸ್ವಿಚ್ ಮುಟ್ಟುವಂತಿಲ್ಲ. ಮಿಕ್ಸಿ, ಇಸ್ತ್ರಿ, ನೀರಿನ ಪಂಪು ಎಲ್ಲವೂ ಹೊತ್ತು ಮುಳುಗಿದ ಮೇಲೆ. ಹೊಲಿಗೆ ಯಂತ್ರದ ಮೋಟಾರನ್ನು ಅವನೇ ಕೈಯಾರೆ ಬಿಚ್ಚಿ, ಕಾಲಲ್ಲಿ ತುಳಿಯುವ ಹಳೆಯ ಬೆಲ್ಟು ಹಾಕಿಕೊಟ್ಟ. ಫ್ಯಾನೂ ನಿಂತಿತು.

"ರೀ, ನಾನು ಉಸಿರಾಡಬಹುದಾ?" ಎಂದಳು ಅವಳು. "ಇಲ್ಲಾ ಅದನ್ನೂ ಸಂಜೆಗೆ ಇಟ್ಕೊಳ್ಳಲಾ?"

ಇಬ್ಬರೂ ನಕ್ಕರು. ನಗಬಾರದಿತ್ತು, ಆದರೆ ನಕ್ಕರು. ಅವನು ಮತ್ತೆ ಮೊದಲಿನ ಮನುಷ್ಯನಾಗಿದ್ದ. ಹಾಲು ಕಾಯಲಿಟ್ಟವರು ಒಲೆಯ ಮುಂದೆ ನಿಲ್ಲುವಂತೆ ಮೀಟರಿನ ಮುಂದೆ ನಿಲ್ಲುತ್ತಿದ್ದ. ದಿನಸಿ ಅಂಗಡಿಯವನ ಹತ್ತಿರ ಹೋಗಿ, "ಇವತ್ತು ನಿನ್ನ ಫ್ರಿಜ್ ಓಡ್ತಿರೋದು ನಮ್ಮ ಮನೆ ಕರೆಂಟಲ್ಲಿ" ಎಂದು ಮೀಸೆ ತಿರುವಿ ಬರುತ್ತಿದ್ದ. ಸಂಜೆ ಅಂಕಿ ಹೆಚ್ಚಿದ್ದರೆ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದು ಅವಳಿಗೆ ಹೇಳುತ್ತಿದ್ದ. ಆ ಮುಖ ನೋಡಲಿಕ್ಕೆಂದೇ ಅವಳು ದಿನವಿಡೀ ಬೆವರು ಒರೆಸಿಕೊಳ್ಳುತ್ತ ತುಳಿಯುತ್ತಿದ್ದಳು.

ಬೇಸಿಗೆ ಏರಿತು. ಒಂದು ಮಧ್ಯಾಹ್ನ ಅವಳು ತಲೆ ಸುತ್ತಿ ಬಿದ್ದಳು. ಬೇಕರಿಯಿಂದ ಓಡಿಬಂದ ಮಗಳು ತಾಯಿಯ ಮುಖಕ್ಕೆ ನೀರು ಚಿಮುಕಿಸಿ, ತಂದೆಯ ಮೇಲೆ ಹರಿಹಾಯ್ದಳು.

"ನಾನು ಕೆಲಸ ಮಾಡೋ ಒಲೆ ಮುಂದೇನೂ ಇಷ್ಟು ಸೆಕೆ ಇಲ್ಲ ಅಪ್ಪಾ! ಅಮ್ಮನಿಗೆ ಮೊದಲೇ ಬಿಪಿ ಇದೆ. ಅವಳನ್ನ ಬೇಯಿಸಿ ಮಾರ್ತೀಯಾ?"

ಅವನು ತಲೆ ತಗ್ಗಿಸಿದ. ಕಲ್ಲಲ್ಲ ಅವನು. ಮರುದಿನ ಬೆಳಗ್ಗೆ ತಾನೇ ಮಹಡಿಗೆ ಹೋಗಿ ಫ್ಯಾನ್ ಹಾಕಿದ. "ದಿನವಿಡೀ ಓಡ್ಲಿ. ಆರಿಸಬೇಡ" ಎಂದ. ಮನಸಾರೆ ಹೇಳಿದ ಮಾತೇ ಅದು.

ಆದರೆ ಸಂಜೆ ಎಂದಿನಂತೆ ಮೀಟರಿನ ಮುಂದೆ ನಿಂತಾಗ ಅಂಕಿ ತುಸು ಕಡಿಮೆ ಇತ್ತು. ಅವನ ಬಾಯಿಂದ "ಚ್" ಎಂಬ ಸದ್ದು ಹೊರಟಿತು. ಅಷ್ಟೇ. ಬೈಗುಳವಲ್ಲ, ದೂರಲ್ಲ. ಮುಳ್ಳು ಒಂದು ಕೂದಲೆಳೆ ಅತ್ತ ವಾಲಿದರೆ ಹಿಂದೆಲ್ಲ ಹಾಗೇ ಅನ್ನುತ್ತಿದ್ದ. ಅವಳು ಹೊಲಿದ ಬಟ್ಟೆಗಳ ಗಂಟು ಹೊತ್ತು ಮೆಟ್ಟಿಲಿಳಿದು ಅವನ ಬೆನ್ನ ಹಿಂದೆ ಬಂದಿದ್ದಳು. ಅವನು ತಿರುಗಿ ನೋಡಿದಾಗ ಅವಳು ಗಂಟು ಇಳಿಸಿ ನಕ್ಕಳು. ಅವನೂ ನಕ್ಕ.

ಮಾರನೆಯ ದಿನ ಬಿಸಿಲು ಇನ್ನೂ ಜೋರು. ಅವನು ಫ್ಯಾನ್ ಹಾಕಿಯೇ ಹೊರಗೆ ಹೋದ. ಗುಂಡಿ, ದಾರ ಕೊಂಡು, ದಿನಸಿ ಅಂಗಡಿಯಲ್ಲಿ ಹರಟೆ ಹೊಡೆದು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಮೀಟರ್ ನೋಡಿದ. ಅವನ ಮುಖ ಅರಳಿತು. ಫ್ಯಾನ್ ಓಡಿಯೂ ಇಷ್ಟು! ಈ ಹೊತ್ತಿಗೆ ಇಷ್ಟು ಎಂದೂ ಆದದ್ದಿಲ್ಲ.

"ಲೇ, ಬಂದು ನೋಡೇ ಇಲ್ಲಿ!" ಎಂದು ಕೆಳಗಿನಿಂದಲೇ ಕೂಗಿದ.

ಉತ್ತರ ಬರಲಿಲ್ಲ. ಕೆಲಸದಲ್ಲಿದ್ದಾಳೆ ಎಂದುಕೊಂಡ. ಎಂದುಕೊಂಡು ಅಲ್ಲೇ ನಿಂತ. ಅಂಕಿ ಮತ್ತೊಂದು ಮೆಟ್ಟಿಲು ಏರುವುದನ್ನು ಕಣ್ಣಾರೆ ನೋಡಿ ಹೋಗೋಣವೆಂದು ಕಾದ, ಪಾಪಿ. ಅಂಕಿ ಏರಿತು. ಆಗ ಅವನಿಗೆ ಮೇಲಿನಿಂದ ತುಳಿಯುವ ಸದ್ದಿಲ್ಲದ್ದು ಗಮನಕ್ಕೆ ಬಂತು. ಮೆಟ್ಟಿಲತ್ತ ಓಡಿದ.

ಕೋಣೆಯ ಬಾಗಿಲು ತೆರೆದರೆ ಝಳ ಮುಖಕ್ಕೆ ಹೊಡೆಯಿತು. ಫ್ಯಾನ್ ನಿಂತಿತ್ತು. ಸ್ವಿಚ್ ಆಫ್ ಆಗಿತ್ತು. ಸೂಜಿಯಡಿ ನೀಲಿ ಅಂಗಿಯ ತೋಳು ಅರ್ಧ ಹೊಲಿದು ಹಾಗೇ ಇತ್ತು. ಅವಳು ಯಂತ್ರದ ಮೇಲೆ ಒರಗಿದ್ದಳು, ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು.

ಆಸ್ಪತ್ರೆಯಲ್ಲಿ ಲಕ್ವ ಎಂದರು. ಬಿಪಿ ಮೊದಲೇ ಇತ್ತು, ಸೆಕೆಗೆ ಮೈಯ ನೀರೂ ಬತ್ತಿದೆ, ಇನ್ನೂ ಮುಂಚೆ ಕರೆತಂದಿದ್ದರೆ ನೋಡಬಹುದಿತ್ತು ಎಂದರು. ಎಷ್ಟು ಮುಂಚೆ ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ. ಜೀವ ಉಳಿಯಿತು. ಬಲಗೈ, ಬಲಗಾಲು, ಮಾತು ಹೋದವು.

ಈಗ ಅವಳು ಕೆಳಗಿನ ಕೋಣೆಯಲ್ಲಿ ಮಂಚದ ಮೇಲಿದ್ದಾಳೆ. ಫ್ಯಾನ್ ಹಗಲೂ ರಾತ್ರಿ ಓಡುತ್ತದೆ. ಅವನು ಮೀಟರಿನ ಕಡೆ ಮುಖ ಹಾಕುವುದಿಲ್ಲ. ವರಾಂಡ ದಾಟುವಾಗ ನೆಲ ನೋಡುತ್ತಾನೆ. ಊಟ ಮಾಡಿಸುತ್ತಾನೆ, ಮೈ ಒರೆಸುತ್ತಾನೆ. ಅದೆಲ್ಲ ಹೇಗೋ ನಡೆದೀತು. ತಡೆಯಲಾಗದ್ದು ಒಂದೇ. ಬೆಳಗಾಗಿ ಕಿಟಕಿಯಿಂದ ಬಿಸಿಲು ಮಂಚಕ್ಕೆ ಬಿದ್ದೊಡನೆ ಅವಳ ಎಡಗೈ ಏಳುತ್ತದೆ. ಬೆರಳು ಫ್ಯಾನಿನತ್ತ, ಆಮೇಲೆ ಸ್ವಿಚ್ಚಿನತ್ತ ತೋರಿಸುತ್ತದೆ.

"ಓಡ್ಲಿ ಕಣೇ. ನಂಗೆ ಏನೂ ಬೇಡ. ಓಡ್ಲಿ" ಎಂದು ಅವನು ಅತ್ತು ಹೇಳಿದ, ಗದರಿ ಹೇಳಿದ, ಕೈ ಹಿಡಿದು ಕೆಳಗಿಟ್ಟ. ಬಿಟ್ಟೊಡನೆ ಕೈ ಮತ್ತೆ ಏಳುತ್ತಿತ್ತು.

ಕೊನೆಗೆ ಅವಳ ಪೆಟ್ಟಿಗೆಯಲ್ಲಿದ್ದ ನೀಲಿ ಬಟ್ಟೆಯನ್ನು ಮಡಚಿ, ತಾನೇ ಅಂಕುಡೊಂಕಾಗಿ ಹೊಲಿದು, ಕಿಟಕಿಗೆ ದಪ್ಪ ಪರದೆ ಕಟ್ಟಿದ. ಕೋಣೆ ಕತ್ತಲಾಯಿತು. ಹೊರಗೆ ಉರಿಬಿಸಿಲು. ಅವನು ಮಂಚದ ಪಕ್ಕ ಕೂತು ಅವಳ ಕಿವಿಯ ಹತ್ತಿರ ಬಾಗಿದ.

"ಬಿಸಿಲು ಹೋಯ್ತು ಕಣೇ. ಸಂಜೆ ಆಯ್ತು."

ಅವಳು ಕೈ ಇಳಿಸಿದಳು.