ನಾಗವೇಣಿ ಕಟ್ಟಿಸಿದ ಕಂಕಣ

ಅವಲಪಲ್ಲಿಯಲ್ಲಿ ನಮ್ಮ ಪಕ್ಕದ ಮನೆಯ ನಾಗವೇಣಿ ಯಾರಿಗೂ ಹೆದರಿದವಳಲ್ಲ. ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಮುನ್ನೂರು ಜನಕ್ಕೆ ಸಾಂಬಾರು ಕುದಿಸುವವಳು. ಉಪ್ಪು ಕಮ್ಮಿ ಎಂದವನಿಗೆ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಉತ್ತರ ಕೊಟ್ಟು ಕಳಿಸುತ್ತಿದ್ದಳು. ಈಗ ಗಂಡನ ಕೈ ನೋಡಿದರೆ ಹೆದರುತ್ತಾಳೆ. ಅದರಲ್ಲಿ ನನ್ನ ಪಾಲೂ ಇದೆ.

ಹೋದ ವರ್ಷ ಆರೋಗ್ಯ ಶಿಬಿರದಲ್ಲಿ ಅವಳಿಗೂ ಗಂಡ ತಿಮ್ಮರಾಜುವಿಗೂ ಸ್ಕ್ಯಾನ್ ಮಾಡಿದರು. ಇಬ್ಬರ ರಿಪೋರ್ಟಿನಲ್ಲೂ ಫ್ಯಾಟಿ ಲಿವರ್. ತಿಮ್ಮರಾಜು ನಕ್ಕುಬಿಟ್ಟ.

“ಒಂದು ತೊಟ್ಟೂ ಕುಡೀದಿರೋ ನಿಂಗೂ ಅದೇ, ದಿನಾ ಕುಡಿಯೋ ನಂಗೂ ಅದೇ. ಇನ್ಯಾಕೆ ಬಿಡ್ಲಿ?”

ಅವಳಿಗೆ ಮೈ ಉರಿದುಹೋಯಿತು. ಅವತ್ತೇ ಸಕ್ಕರೆ ಬಿಟ್ಟಳು, ಅನ್ನ ಅರ್ಧ ಮಾಡಿದಳು, ಬೆಳಗ್ಗೆ ಕೆರೆ ಏರಿಯ ಮೇಲೆ ನಡೆದಳು. ಮೂರು ತಿಂಗಳಲ್ಲಿ ಐದು ಕೆಜಿ ಇಳಿದಳು.

“ಕಾಯ್ಲೆ ಒಂದೇ ಅಂದ್ಮೇಲೆ ಮದ್ದೂ ಒಂದೇ ಕಣಕ್ಕ. ನಾನು ಸಕ್ರೆ ಒಂದೇ ದಿನಕ್ಕೆ ಬಿಡ್ಲಿಲ್ವಾ? ಅವ್ರೂ ಬಿಡ್ಲಿ,” ಎಂದಳು.

ನನಗೂ ಹೌದೆನಿಸಿತು. ಮುನೇಶ್ವರನ ಗುಡಿಯಲ್ಲಿ ಕಂಕಣ ಕಟ್ಟಿಸು, ಕಟ್ಟಿಸಿಕೊಂಡವರು ಬಾಟಲಿ ಮುಟ್ಟುವುದಿಲ್ಲ ಎಂದವಳು ನಾನೇ. ಹೆಂಡತಿಗೆ ಹೆದರದ ತಿಮ್ಮರಾಜು ಮುನೇಶ್ವರನಿಗೆ ಹೆದರುತ್ತಿದ್ದ. ಭಾನುವಾರ ಕಟ್ಟಿಸಿಕೊಂಡ. ಆಮೇಲೆ ಒಂದು ಹನಿ ಮುಟ್ಟಲಿಲ್ಲ.

ಮಂಗಳವಾರ ಮಧ್ಯಾಹ್ನ ನಾಗವೇಣಿ ಕೂಗಿದ್ದು ಕೇಳಿ ಓಡಿದೆ. ಅವನ ಕೈ ನಡುಗಿ ಲೋಟದ ನೀರೆಲ್ಲ ಎದೆಯ ಮೇಲೆ ಚೆಲ್ಲಿತ್ತು. ಗೋಡೆಯಿಂದ ಇರುವೆ ಆರಿಸಿ ಆರಿಸಿ ನೆಲಕ್ಕೆ ಹಾಕುತ್ತಿದ್ದ. ಗೋಡೆಯ ಮೇಲೆ ಒಂದು ಇರುವೆಯೂ ಇರಲಿಲ್ಲ. ಹೆಂಡತಿಯನ್ನು ನೋಡಿ, “ಯಾರಮ್ಮಾ ನೀನು?” ಎಂದ.

“ಕದ್ದು ಕುಡ್ದವ್ನೆ, ಸ್ವಾಮಿ ಹಿಡ್ಕಂಡವ್ನೆ,” ಎಂದು ಅವನ ತಾಯಿ ಸಾಕಮ್ಮ ಊದುಬತ್ತಿ ಹಚ್ಚಲು ಹೋದರು. ಅಷ್ಟರಲ್ಲಿ ಅವನು ಸೆಟೆದು ಬಿದ್ದ, ಬಾಯಲ್ಲಿ ನೊರೆ ಬಂತು.

ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ಅವನ ತಲೆ ನಾಗವೇಣಿಯ ತೊಡೆಯ ಮೇಲಿತ್ತು. “ಕುಡ್ಕಂಡಾದ್ರೂ ಇರ್ಲಪ್ಪಾ, ಇದ್ರೆ ಸಾಕು,” ಎಂದು ದಾರಿಯುದ್ದಕ್ಕೂ ಅದೇ ಮುನೇಶ್ವರನಿಗೆ ಹೇಳುತ್ತಿದ್ದಳು.

ಡಾಕ್ಟರಮ್ಮ ಬೈಯಲಿಲ್ಲ. “ಲಿವರಿನ ಕೊಬ್ಬು ಇಬ್ರಿಗೂ ಒಂದೇ ಥರ ಕಾಣ್ಬೋದಮ್ಮಾ. ಆದ್ರೆ ಇವ್ರಿಗೆ ಕುಡಿತವೇ ಇನ್ನೊಂದು ಕಾಯಿಲೆ. ವರ್ಷಗಟ್ಟಲೆ ದಿನಾ ಕುಡಿದೋರು ಒಂದೇ ಸಲ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ. ಬಿಡ್ಲೇಬೇಕು, ಆದ್ರೆ ನಮ್ಮ ಹತ್ರ ಬಂದು, ಔಷಧಿ ತಗೊಂಡು ಬಿಡಬೇಕು,” ಎಂದರು. ಮಗ್ಗುಲಲ್ಲಿ ನಿಂತ ನನಗೆ ನೆಲ ನೋಡುವಂತಾಯಿತು.

ಆರು ದಿನಕ್ಕೆ ಬದುಕಿ ಬಂದ. ನಾಲ್ಕು ತಿಂಗಳಿಂದ ಮಾತ್ರೆ, ಆಸ್ಪತ್ರೆ ಎಂದು ಓಡಾಡುತ್ತಿದ್ದಾನೆ. ಅವನು ಶಿಫ್ಟ್ ಮುಗಿಸಿ ಬಂದ ಕೂಡಲೇ ನಾಗವೇಣಿ ತುಂಬಿದ ಲೋಟ ಕಾಫಿ ಕೊಟ್ಟು ಅವನ ಕೈಯನ್ನೇ ನೋಡುತ್ತಾಳೆ. ನಡುಗಿದರೆ, ಮತ್ತೆ ಬಂತೇ ಎಂಬ ಭಯ. ನಡುಗದಿದ್ದರೆ, ದಾರಿಯಲ್ಲಿ ಕುಡಿದು ನಡುಕ ನಿಲ್ಲಿಸಿಕೊಂಡು ಬಂದನೇ ಎಂಬ ಭಯ.

ನೆನ್ನೆ ನಾನೂ ಅಲ್ಲೇ ಕೂತಿದ್ದೆ. ಕಾಫಿ ಒಂದು ಹನಿಯೂ ಚೆಲ್ಲಲಿಲ್ಲ. ಅವಳು ಎದ್ದು ಹತ್ತಿರ ಹೋದಳು. ಅವನು ಲೋಟ ಕೆಳಗಿಟ್ಟು, ಅವಳು ಮೂಸಲಿ ಎಂದು ತಾನೇ ಬಾಯಿ ತೆರೆದ.